ಮರ ಅಂದ್ರೆ ಯಾವ ಮರ?

ನಮ್ಮೂರ ಕಡೆ ಮನೆಗೊಂದು ಮಂಚ ಬೇಕು ಅಂದ್ರೆ ಮೊದಲು ಮರ ನೋಡ್ತಾರೆ, ಆಮೇಲೆ ಆಚಾರ್ರಿಗೆ ಹೇಳಿ ಕಳಿಸ್ತಾರೆ. ಹಲಸಿನದ್ದೋ ಸಾಗುವಾನಿಯದ್ದೋ ಹಲಗೆ ಒಣಗಲಿ ಅಂತ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿರುತ್ತೆ. ಆಚಾರ್ರು ನಮ್ಮ ಜಗಲಿಯಲ್ಲೇ ಉಳಿ ಹಿಡಿದು ಕೂತು ಮಾಡಿಕೊಡ್ತಾರೆ. ಕಾಲು ಅಲ್ಲಾಡಿದರೆ ವಾರಂಟಿ ಕಾರ್ಡು ಹುಡುಕಬೇಕಿಲ್ಲ, ಸಂತೆಯಲ್ಲಿ ಸಿಕ್ಕಾಗ ಒಂದು ಮಾತು ಹೇಳಿದರೆ ಆಯ್ತು. ಇಬ್ಬರೂ ಒಂದೇ ಜಾತ್ರೆಗೆ ಹೋಗೋರು, ಮುಖ ತಪ್ಪಿಸಿಕೊಂಡು ಎಷ್ಟು ದಿನ ಓಡಾಡೋಕಾಗುತ್ತೆ?

ಬೆಂಗಳೂರಲ್ಲಿ ನಾವು ಮರವನ್ನೂ ನೋಡಲ್ಲ, ಮಾಡಿದವರನ್ನೂ ನೋಡಲ್ಲ. ಫೋಟೋ ನೋಡ್ತೀವಿ, ಇಎಂಐ ಎಷ್ಟು ಅಂತ ನೋಡ್ತೀವಿ.

ನಮ್ಮನೆಗೂ ಹಾಗೇ ಒಂದು ಡೈನಿಂಗ್ ಟೇಬಲ್ ಬಂತು. ವೆಬ್‌ಸೈಟಿನಲ್ಲಿ 'ಸಾಲಿಡ್ ವುಡ್' ಅಂತಿತ್ತು. ಊರಿಂದ ಬಂದಿದ್ದ ಅಪ್ಪ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, "ಇದು ಮರ ಅಲ್ಲ ಮಾರಾಯ" ಅಂದ್ರು. ಮೂರೇ ತಿಂಗಳಿಗೆ, ನೆಲ ಒರೆಸುವ ಒದ್ದೆಗೆ ಕಾಲಿನ ಬುಡ ಊದಿಕೊಂಡು, ಮೇಲಿನ ಲ್ಯಾಮಿನೇಟ್ ಬಾಯ್ಬಿಟ್ಟು, ಒಳಗಿನ ಹೊಟ್ಟು ಕಾಣಿಸ್ತು. ಪಾರ್ಟಿಕಲ್ ಬೋರ್ಡ್. ಅಂದ್ರೆ ಮರದ ಚೂರಿಗೆ ಅಂಟು ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಅದನ್ನ ಮಾರೋದು ತಪ್ಪೇನಿಲ್ಲ. ಬೆಲೆ ಕಮ್ಮಿ, ನೀರು ತಾಗದ ಕಡೆ ಬಾಳಿಕೆಯೂ ಬರುತ್ತೆ. ಸಾಲಿಡ್ ವುಡ್ ಅಂತ ಹೇಳಿ ಅದನ್ನ ಮಾರೋದು ಮೋಸ.

ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಬೇರೆ ಬೇರೆ ದನಿ, ಉತ್ತರ ಒಂದೇ: "ಸರ್, ನೀರು ತಾಗಿದೆ, ವಾರಂಟಿಗೆ ಬರಲ್ಲ." ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂದಾಗ ಹೆದರಿದ್ದು ಕಂಪನಿಯವರಲ್ಲ, ಅಪ್ಪ. ಗದ್ದೆಯ ಬದುವಿನ ಕೇಸೊಂದಕ್ಕೆ ಹದಿನಾಲ್ಕು ವರ್ಷ ತಾಲೂಕು ಕೋರ್ಟಿಗೆ ಅಲೆದವರು ಅವರು. "ಗೆದ್ದವ ಸೋತ, ಸೋತವ ಸತ್ತ. ಒಂದು ಮೇಜಿಗೋಸ್ಕರ ಆ ಮೆಟ್ಟಿಲು ಹತ್ತಬೇಡ" ಅಂದ್ರು.

ಅಪ್ಪನ ಭಯ ಸುಳ್ಳಲ್ಲ. ಆದರೆ ಗ್ರಾಹಕರ ದಾರಿ ಅಷ್ಟು ಕಡಿದಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಕಂಪನಿ ಎಲ್ಲೇ ಇರಲಿ, ನಾವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಆನ್‌ಲೈನಲ್ಲೇ ಸಲ್ಲಿಸಬಹುದು, 2 ವರ್ಷದೊಳಗೆ ಆಗಬೇಕು ಅಷ್ಟೇ. ಅದಕ್ಕೂ ಮೊದಲು 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ನೋಡಬಹುದು. 'ಮಾರಿದ ಮಾಲು ವಾಪಸ್ ಇಲ್ಲ' ಅನ್ನೋ ಬೋರ್ಡು ದೋಷ ಇರೋ ಮಾಲಿಗೆ ನಡೆಯಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ, ಅದನ್ನ ವಾಪಸ್ ತಗೊಂಡು ಹಣ ಕೊಡದಿರೋದು ಕಾಯ್ದೆಯ ಕಣ್ಣಲ್ಲಿ ಅನುಚಿತ ವ್ಯಾಪಾರ.

ನಮ್ಮ ಬಿಲ್ಲಿನಲ್ಲಿ 'ಡೈನಿಂಗ್ ಟೇಬಲ್ - 1' ಅಂತ ಮಾತ್ರ ಇತ್ತು. ವೆಬ್‌ಸೈಟಿನಲ್ಲಿ ಅಷ್ಟರಲ್ಲಿ 'ಸಾಲಿಡ್' ಹೋಗಿ 'ಎಂಜಿನಿಯರ್ಡ್' ಬಂದಿತ್ತು. ಕೈ ಹಿಡಿದಿದ್ದು, ಕೊಳ್ಳೋ ಮೊದಲು ನನ್ನ ಹೆಂಡತಿ ಅವಳ ಅಕ್ಕನಿಗೆ ವಾಟ್ಸಾಪಲ್ಲಿ ಕಳಿಸಿದ್ದ ಸ್ಕ್ರೀನ್‌ಶಾಟು. ಸಹಾಯವಾಣಿಗೆ ದೂರು ಕೊಟ್ಟಾಗ ಕಂಪನಿ ಒಂದು ಕೂಪನ್ ಕೊಡ್ತೀವಿ ಅಂತು, ಬೇಡ ಅಂದೆ. ಆಯೋಗಕ್ಕೆ ದೂರು ಸಲ್ಲಿಸಿದ ಮೇಲೆ, ಮೊದಲ ವಿಚಾರಣೆಗೂ ಮುಂಚೆ ಪೂರ್ತಿ ಹಣ ವಾಪಸ್ ಬಂತು. ಅಪ್ಪನಿಗೆ ಫೋನ್ ಮಾಡಿ ಹೇಳಿದರೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ಸಲಾನೂ ಕರೀಲೇ ಇಲ್ವಾ?" ಅಂತ ಕೇಳಿದ್ರು.

ಆಫೀಸಲ್ಲಿ ಇದನ್ನ ಹೇಳಿದರೆ ಹೆಚ್ಚಿನವರು, "ಅಷ್ಟು ಟೈಮ್ ಯಾರಿಗಿದೆ ಗುರು" ಅಂತಾರೆ. ಒಂದು ಸ್ಟಾರ್ ಒತ್ತಿ, ಬೈದು, ಇನ್ನೊಂದನ್ನ ಆರ್ಡರ್ ಮಾಡ್ತಾರೆ. ನಮಗೆ ಟೈಮ್ ಇಲ್ಲ ಅನ್ನೋದು ಮಾರುವವರ ಲೆಕ್ಕದಲ್ಲೂ ಇರುತ್ತೆ. ಊರಲ್ಲಿ ಮುಖದ ದಾಕ್ಷಿಣ್ಯ ಮಾಡ್ತಿದ್ದ ಕೆಲಸವನ್ನ ಇಲ್ಲಿ ಒಂದು ಕಾಗದ ಮಾಡಬೇಕು. ಮುಂದಿನ ಸಲ ಸೋಫಾನೋ ಮಂಚಾನೋ ಕೊಳ್ಳುವಾಗ ಮರ ಅಂದ್ರೆ ಯಾವ ಮರ ಅಂತ ಕೇಳಿ. ಅವರು ಏನು ಹೇಳ್ತಾರೋ ಅದನ್ನ ಬಿಲ್ಲಿನಲ್ಲೇ ಬರೆಸಿಕೊಳ್ಳಿ.