ಹಪ್ಪಳಕ್ಕೆ ಎಷ್ಟು ಕಾಗದ ಬೇಕು?

ನನ್ನಂಥ ಕೃಷಿಕನಿಗೆ ಸ್ಟಾರ್ಟ್ ಎಂದರೆ ಪಂಪುಸೆಟ್ಟು. ತೋಟಕ್ಕೆ ನೀರು ಬಿಡುವಾಗ ಅದು ಸ್ಟಾರ್ಟಾದರೆ ಸಾಕು. ಈಗ ಪೇಪರು ಬಿಡಿಸಿದರೆ ‘ಸ್ಟಾರ್ಟಪ್’ ಎಂದು ಕಾಣುತ್ತದೆ. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಅದಕ್ಕೊಂದು ಯೋಜನೆಯನ್ನೇ ತಂದಿತು. ಅದು ಬೆಂಗಳೂರು, ಕೊಚ್ಚಿಯ ಕಂಪ್ಯೂಟರು ಕಲಿತ ಮಕ್ಕಳ ಸಂಗತಿ, ನಮಗೆಂತದು ಎಂದು ಕೇಳಬೇಡಿ ಮಾರಾಯ್ರೆ. ನಮ್ಮ ಮಧೂರಿನ ಸುತ್ತಮುತ್ತ ಹಪ್ಪಳ, ಉಪ್ಪಿನಕಾಯಿ, ಚಕ್ಕುಲಿ ಮಾಡಿ ಮಾರುವ ಹೆಂಗಸರಿದ್ದಾರೆ. ಅವರದ್ದೂ ಉದ್ಯಮವೇ. ಅದಕ್ಕೂ ಕಾನೂನುಂಟು, ಆ ಕಾನೂನು ಬದಲಾಗುತ್ತಲೂ ಉಂಟು. ನಾನು ಏಳನೇ ಕ್ಲಾಸು ಕಲಿತವನು, ವಕೀಲನಲ್ಲ. ನಮ್ಮ ಮನೆಯ ಕೆಲಸಕ್ಕಾಗಿ ತಿರುಗಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನ ಸೊಸೆ ಮತ್ತು ನೆರೆಕರೆಯ ನಾಲ್ಕು ಮಂದಿ ಹೆಂಗಸರು ಸೇರಿ ಬೇಸಗೆಯಲ್ಲಿ ಹಲಸಿನ ಹಪ್ಪಳ ಮಾಡುತ್ತಾರೆ. ಬೆಳೆದ ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಹಾಕಿ ಗುದ್ದಿ, ಒತ್ತಿ, ಚಾಪೆಯಲ್ಲಿ ಒಣಗಿಸುವುದು. ಮಳೆ ಬರುವ ಮೊದಲು ಎಲ್ಲ ಮುಗಿಯಬೇಕು. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಮರ್ಯಾದೆ ಹಲಸಿಗೆ ಸಿಕ್ಕಿತು, ಹೆದರಿಕೆ ಹಪ್ಪಳ ಮಾಡುವವರಿಗೇ ಉಳಿಯಿತು. ಲೈಸೆನ್ಸು ಇಲ್ಲದೆ ಮಾರಿದರೆ ಕೇಸು ಬೀಳುತ್ತದೆ ಎಂದು ಯಾರೋ ಹೇಳಿದರು. ಒಬ್ಬಾಕೆ ಅದನ್ನು ಕೇಳಿ ಬರುವುದನ್ನೇ ಬಿಟ್ಟಳು. ಅವಳ ಮಗಳ ಕಾಲೇಜಿನ ಬಸ್ಸಿನ ಖರ್ಚು ಈ ಹಪ್ಪಳದಿಂದಲೇ ಆಗುತ್ತಿತ್ತು. “ನಮಗೂ ಬೇಡ ಮಾವ, ನಿಲ್ಲಿಸುವ” ಎಂದು ಸೊಸೆಯೂ ಹೇಳಿದಳು. ನಿಲ್ಲಿಸುವ ಮೊದಲು ಕಾನೂನಿನಲ್ಲಿ ಏನುಂಟೆಂದು ಕೇಳಿ ನೋಡುವ ಎಂದೆ. ಇದು 2022ರ ಮಾತು.

ಮೊದಲನೆಯದು ತಿನ್ನುವ ವಸ್ತುವಿನ ಕಾನೂನು. ಆಹಾರ ಸುರಕ್ಷತೆಯ ಈ ಕಾಯ್ದೆ 2006ರದ್ದು, ಅದರ ನಿಯಮಗಳು ಬಂದದ್ದು 2011ರಲ್ಲಿ. ನಾವು ಮಾಡಿಸುವಾಗ ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಕಡಿಮೆ ವ್ಯಾಪಾರ ಇರುವವರಿಗೆ ದೊಡ್ಡ ಲೈಸೆನ್ಸು ಬೇಡ, ನೋಂದಣಿ ಸಾಕು ಎಂದಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ. ಸಿಕ್ಕಿದ 14 ಅಂಕೆಗಳ ನಂಬ್ರವನ್ನು ಪೆಕೆಟಿನ ಮೇಲೆ ಹಾಕಬೇಕು. ಇಷ್ಟಕ್ಕೆ ನಾವು ಅಷ್ಟು ವರ್ಷ ಹೆದರಿದ್ದು!

ಎರಡನೆಯದು ನಮ್ಮ ರಾಜ್ಯದ್ದು. ಮೊದಲು ಪಂಚಾಯತಿನ ಅನುಮತಿ, ಬೇರೆ ಬೇರೆ ಕಚೇರಿಗಳ ಅನುಮತಿ ಎಲ್ಲ ಕೈಗೆ ಬಂದ ಮೇಲೆಯೇ ಕೆಲಸ ಸುರು ಮಾಡಬೇಕಿತ್ತು. 2019ರಲ್ಲಿ ಸಣ್ಣ ಉದ್ಯಮಗಳಿಗೆಂದು ಬಂದ ಕಾಯ್ದೆ ಈ ಕ್ರಮವನ್ನು ತಿರುಗಿಸಿತು. ನಾನು ಇಂಥ ಕೆಲಸ ಮಾಡುತ್ತೇನೆ, ನಿಯಮ ಪಾಲಿಸುತ್ತೇನೆ ಎಂದು ನಾವೇ ಬರೆದು ಕೊಟ್ಟು ಸ್ವೀಕೃತಿ ಪತ್ರ ಪಡೆದರೆ ಕೂಡಲೇ ಸುರು ಮಾಡಬಹುದು. ಆ ಪತ್ರಕ್ಕೆ ಮೂರು ವರ್ಷ ಬೆಲೆ. ಅದು ಮುಗಿದ ಮೇಲೆ ಆರು ತಿಂಗಳೊಳಗೆ ಉಳಿದ ಅನುಮತಿ ಮಾಡಿಸಿಕೊಳ್ಳಬೇಕು. ಮೂರು ವರ್ಷ ಕೊಟ್ಟದ್ದು ಸಮಯ ಮಾತ್ರ, ಮಾಫಿ ಅಲ್ಲ. ಹೆಚ್ಚು ಮಾಲಿನ್ಯ ಮಾಡುವ ಕೆಲಸಕ್ಕೆ ಇದು ಸಿಗುವುದಿಲ್ಲ. ಈ ಪತ್ರ ಉಂಟೆಂದು ಗದ್ದೆಗೆ ಮಣ್ಣು ತುಂಬಿಸಿ ಶೆಡ್ಡು ಕಟ್ಟುವ ಹಾಗೂ ಇಲ್ಲ, ಅದಕ್ಕೆ 2008ರ ಗದ್ದೆ ಉಳಿಸುವ ಕಾಯ್ದೆ ಬೇರೆಯೇ ಇದೆ. ಆಹಾರದ ನೋಂದಣಿಯೂ ಬೇರೆಯೇ.

ಮೂರನೆಯದು ಕೇಂದ್ರದ ‘ಉದ್ಯಮ್’ ನೋಂದಣಿ. 2020ರ ಜುಲಾಯಿ 1ರಿಂದ ಇದು ನಡೆಯುತ್ತಿದೆ. ಆಧಾರ್ ನಂಬ್ರದಿಂದ ಮೊಬೈಲಿನಲ್ಲೇ ಆಗುತ್ತದೆ, ಸರಕಾರಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಆದರೂ ಮಾಡಿಸಿಕೊಡುತ್ತೇನೆಂದು ಒಬ್ಬ ನಮ್ಮಲ್ಲಿ 1,500 ರೂಪಾಯಿ ಕೇಳಿದ. ಈ ನೋಂದಣಿಯಿಂದ ಏನು ಗುಣ? 2006ರ ಸಣ್ಣ ಉದ್ಯಮ ಕಾಯ್ದೆಯ ಪ್ರಕಾರ ನಮ್ಮ ಮಾಲು ತೆಗೆದುಕೊಂಡ ವ್ಯಾಪಾರಿ, ಬರಹದ ಒಪ್ಪಂದ ಇದ್ದರೂ 45 ದಿನ ಮೀರಿಸದೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಪೇಟೆಯ ಒಂದು ಅಂಗಡಿಯಿಂದ ಮೂರು ತಿಂಗಳಾದರೂ ನಮ್ಮ ಹಣ ಬಂದಿರಲಿಲ್ಲ. ಸೊಸೆ ಹೋಗಿ, “ಅಣ್ಣಾ, ಹೀಗೊಂದು ಕಾನೂನು ಉಂಟಂತೆ” ಎಂದು ಮೆಲ್ಲಗೆ ಹೇಳಿದಳು. ಅರ್ಧ ಅಲ್ಲೇ ಕೊಟ್ಟರು. ಉಳಿದರ್ಧಕ್ಕೆ ಇನ್ನೂ ಎರಡು ಸಲ ನಡೆಯಬೇಕಾಯಿತು.

ಹೀಗೆ ನೋಡಿದರೆ ಕಾನೂನು ಸಣ್ಣವರ ಕಡೆಗೆ ಸ್ವಲ್ಪ ಬಗ್ಗಿದೆ. ಆದರೆ ಅದು ಬಗ್ಗಿದ್ದು ನಮಗೆ ಕಾಣಬೇಕಲ್ಲ? ಅರ್ಜಿಗಳೆಲ್ಲ ಇಂಗ್ಲಿಷು, ಮಲಯಾಳದಲ್ಲಿ. ಸೊಸೆ ಕನ್ನಡ ಮಾಧ್ಯಮದಲ್ಲಿ ಕಲಿತವಳು, ಮಲಯಾಳ ಮಾತಾಡುತ್ತಾಳೆ, ಓದಲು ಬರುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ನಾವು ಒಂದು ಕಚೇರಿಗೆ ಕನ್ನಡದಲ್ಲಿ ಬರೆದೆವು. ಉತ್ತರ ಮಲಯಾಳದಲ್ಲಿ ಬಂತು. ಶಾಲೆಯ ಟೀಚರು ಓದಿ ಹೇಳಿದರು. ಕಾಯ್ದೆಯ ಹೆಸರು, ವರ್ಷ ಹಾಕಿ ಪುನಃ ಬರೆದಾಗ ಕನ್ನಡದಲ್ಲಿ ನಾಲ್ಕು ಸಾಲು ಬಂತು. ಕೇಳಿದರೆ ಸಿಗುತ್ತದೆ, ಆದರೆ ಎರಡು ಸಲ ಕೇಳಬೇಕು.

ನೇಜಿ ನೆಡುವಾಗ ಪದ ಹಾಡಿದವ ನಾನು. ಒಬ್ಬರು ಎತ್ತಿಕೊಟ್ಟರೆ ಸಾಲಿನಲ್ಲಿದ್ದವರೆಲ್ಲ ಸೊಲ್ಲು ಸೇರಿಸಬೇಕು. ಗೊತ್ತಿಲ್ಲದ ಪದ ಎತ್ತಿದರೆ ಸಾಲು ಸುಮ್ಮನಾಗುತ್ತದೆ. ಸರಕಾರ ಹೊಸ ಪದ ಎತ್ತಿದೆ, ನಮ್ಮವರಿಗೆ ಅದು ತಿಳಿಯದೆ ಹಳೆಯ ಹೆದರಿಕೆಯೇ ಇನ್ನೂ ಕಾನೂನಾಗಿ ಉಳಿದಿದೆ.

ವಾಚನಾಲಯದವರಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಈ ಮೂರು ಸಂಗತಿಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ನಿಯಮ, ಮೊತ್ತ ಬದಲಾದರೆ ತಿದ್ದಬೇಕು. ತಿಂಗಳಿಗೊಂದು ಆದಿತ್ಯವಾರ ಅರ್ಜಿ ತುಂಬಿಸಲು ಒಬ್ಬರು ಕುಳಿತರೆ ಇನ್ನೂ ಒಳ್ಳೆಯದು. ಬಿಟ್ಟು ಹೋದ ಆ ಹೆಂಗಸು ಇನ್ನೂ ಹಿಂದೆ ಬಂದಿಲ್ಲ. ಬರುವ ಹಲಸಿನ ಕಾಲದೊಳಗೆ ಅವಳೂ ಬಂದು ಆ ಗೋಡೆಯನ್ನು ಓದುವಂತಾಗಲಿ.