ಪರರ ಮನೆಯ ದುರಸ್ತಿ

ಬಾಣಂತನಕ್ಕೆಂದು ಅಮೆರಿಕೆಯ ಮಗಳ ಮನೆಗೆ ಹೋಗುವ ಹಿರಿಯರಿಗೆ ಅಲ್ಲಿಯ ಮಧ್ಯಾಹ್ನಗಳು ಬಹು ದೀರ್ಘ. 2005ರಲ್ಲಿ ನಾವು ದಂಪತಿಗಳು ಆರು ತಿಂಗಳು ನ್ಯೂಜೆರ್ಸಿಯಲ್ಲಿದ್ದಾಗ ಆ ಹೊತ್ತನ್ನು ನೀಗಿಸಿದವು ಕಿರುತೆರೆಯ ಮನೆ ದುರಸ್ತಿಯ ಕಾರ್ಯಕ್ರಮಗಳು. ಮಾತು ಅರ್ಧ ತಿಳಿಯದಿದ್ದರೂ ಗೋಡೆ ಒಡೆಯುವುದು, ಬಣ್ಣ ಬಳಿಯುವುದು ಯಾರಿಗೆ ತಿಳಿಯದು? ಸಂಜೆ ಉದ್ಯಾನದಲ್ಲಿ ಮೊಮ್ಮಕ್ಕಳೊಡನೆ ಕೂಡುತ್ತಿದ್ದ ಕನ್ನಡದ ತಾಯಂದಿರಲ್ಲಿಯೂ ಅದೇ ಮಾತು: "ನಿನ್ನೀದು ನೋಡಿದ್ರೇನ್ರಿ? ಪಾಪ, ಆ ಗೋಡಿ ಏನು ಮಾಡಿಬಿಟ್ರು!"

ಹೆಚ್ಚು ಚರ್ಚೆಗೆ ಬರುತ್ತಿದ್ದುದು ‘ಟ್ರೇಡಿಂಗ್ ಸ್ಪೇಸಸ್’. ಬ್ರಿಟನ್ನಿನ ಬಿಬಿಸಿ 1996ರಲ್ಲಿ ಆರಂಭಿಸಿದ ‘ಚೇಂಜಿಂಗ್ ರೂಮ್ಸ್’ ಎಂಬುದರ ಮಾದರಿಯಲ್ಲಿ ಇದು 2000ದಲ್ಲಿ ಅಮೆರಿಕೆಯಲ್ಲಿ ಮೊದಲಾಯಿತು. ನೆರೆಹೊರೆಯ ಎರಡು ಕುಟುಂಬಗಳು ಎರಡು ದಿನ ಮನೆ ಅದಲು ಬದಲು ಮಾಡಿಕೊಂಡು, ಒಬ್ಬೊಬ್ಬ ಅಲಂಕಾರ ತಜ್ಞರ ಮಾತಿನಂತೆ, ಸಾವಿರ ಡಾಲರಿನಲ್ಲಿ ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಿಸಬೇಕು. ಮನೆಯ ಒಡೆಯರಿಗೆ ನಡುವೆ ಇಣುಕಿ ನೋಡುವಂತಿಲ್ಲ. ಕೊನೆಗೆ ಕಣ್ಣು ಮುಚ್ಚಿಸಿ ಕರೆತಂದು, ತೆರೆಯಿರಿ ಎನ್ನುವರು. ಒಮ್ಮೆ ಗೋಡೆಯ ತುಂಬ ಒಣಹುಲ್ಲು ಅಂಟಿಸಿದ್ದರು! ಬ್ರಿಟನ್ನಿನಲ್ಲಿಯಂತೂ ಒಬ್ಬ ಮಹಿಳೆ ಕೂಡಿಟ್ಟಿದ್ದ ಹಳೆಯ ಚಹಾ ಕುಡಿಕೆಗಳನ್ನು ಹೊಸದಾಗಿ ತೂಗುಬಿಟ್ಟ ಹಲಗೆಯ ಮೇಲೆ ಜೋಡಿಸಲಾಗಿ, ಹಲಗೆ ಕುಸಿದು ಅವೆಲ್ಲ ಚೂರಾದವು.

ಇನ್ನೊಂದು ಮನೆಯಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆಯನ್ನು ಮುಟ್ಟಬೇಡಿರೆಂದು ದಂಪತಿಗಳು ಮೊದಲೇ ಹೇಳಿದ್ದರು. ಅಲಂಕಾರ ತಜ್ಞರು ಅದಕ್ಕೆ ಕಟ್ಟಿಗೆಯ ಬಿಳಿಯ ಹೊದಿಕೆ ಹೊದಿಸಿಯೇ ಬಿಟ್ಟರು. ಮನೆಯಾಕೆ ನಕ್ಕಂತೆ ಮಾಡಿ ಒಳಗೆ ಹೋಗಿ ಬಿಕ್ಕಿದ್ದು ಧ್ವನಿಯಂತ್ರದ ಮೂಲಕ ದೇಶಕ್ಕೆಲ್ಲ ಕೇಳಿಸಿತು. ಉದ್ಯಾನದಲ್ಲಿ ಈ ಬಗ್ಗೆ ಎರಡು ಪಕ್ಷ. ಕೀಲಿಕೈ ಕೊಟ್ಟ ಮೇಲೆ ಅಳುವುದೇಕೆ ಎಂದರು ಕೆಲವರು. ಹೊದಿಕೆ ತೆಗೆದರೆ ಇಟ್ಟಿಗೆ ಹಾಗೆಯೇ ಇರುತ್ತದಲ್ಲ ಎಂದೂ ಅಂದರು. ನಮಗೆ ಆ ವಾದ ಸರಿಬೀಳಲಿಲ್ಲ. ಆಕೆ ಅತ್ತದ್ದು ಇಟ್ಟಿಗೆಗಾಗಿ ಅಲ್ಲ. ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು. ಅದನ್ನೇ ಕೋಟಿ ಜನ ನೋಡಿ ರಂಜಿಸಿಕೊಳ್ಳುವುದೆಂದರೇನು?

ನಿವೃತ್ತ ಇಂಜಿನಿಯರರೊಬ್ಬರು ಮಾತ್ರ 1979ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದ ‘ದಿಸ್ ಓಲ್ಡ್ ಹೌಸ್’ ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಅದರಲ್ಲಿ ಒಂದೇ ಮನೆಯ ಕೆಲಸ ವಾರಗಟ್ಟಲೆ ನಡೆಯುವುದು. ಬಡಿಗ ಅಳೆದು ಕೊಯ್ಯುವಾಗ ಒಡೆಯರು ಪಕ್ಕದಲ್ಲಿ ನಿಂತು ಕೇಳುವರು. ಹೆಂಗಸರಿಗೆ ಅದು ಬೇಸರ. ನಮಗೂ ಒಂದೆರಡು ಸಲ ತೂಕಡಿಕೆ ಬಂದದ್ದುಂಟು.

ಈ ಚರ್ಚೆ ನಡೆದಿರುವಾಗಲೇ ಊರಿನಿಂದ ತಮ್ಮನ ದೂರವಾಣಿ ಬಂದಿತು. ಎಂಬತ್ತರ ಹತ್ತಿರದ ಅವ್ವ ತಂಗಿಯ ಮನೆಗೆ ಸೊಲ್ಲಾಪುರಕ್ಕೆ ಹೋಗಿದ್ದಳು. ಆಕೆ ಮರಳುವುದರೊಳಗೆ ಪಡಸಾಲೆಯ ಕಂಬ ತೆಗೆದು, ನೆಲಕ್ಕೆ ನುಣುಪಾದ ಕಲ್ಲು ಹಾಸಿ, ಆಕೆಯನ್ನು ಬೆರಗುಗೊಳಿಸಬೇಕೆಂಬುದು ಆತನ ಹವಣಿಕೆ. ಮೊದಲು ಅವ್ವನನ್ನು ಕೇಳು ಎಂದೆವು. ಕೇಳಿದರೆ ಕಂಬ ಮುಟ್ಟಗೊಡುವುದಿಲ್ಲ, ಕೆಲಸ ಕೆಡುತ್ತದೆ ಎಂದನು. ಒಪ್ಪಿಸಲು ಮೂರು ಕರೆ ಬೇಕಾದವು.

ಅವ್ವ ಹೇಳಿದ್ದು ಇಷ್ಟು: "ಕಂಬ ಏನರ ಮಾಡ್ರಿ. ಬಚ್ಚಲಕ್ಕ ಇಳಿಯೂ ಮೆಟ್ಟಲಾ ಮೊದಲ ತಗೀರಿ, ರಾತ್ರಿ ಕಾಲಿಗೆ ಸಿಗೂದಿಲ್ಲ."

ತಮ್ಮನ ನಕ್ಷೆಯಲ್ಲಿ ಬಚ್ಚಲದ ಹೆಸರೇ ಇರಲಿಲ್ಲ. ಮೆಟ್ಟಿಲು ಆ ವಾರವೇ ಹೋಯಿತು, ಗೋಡೆಗೆ ಹಿಡಿಕೆಯೂ ಬಂದಿತು. ಹಣ ಅಲ್ಲಿಗೇ ಮುಗಿದುದರಿಂದ ಕಂಬಗಳು ಉಳಿದವು.