ಎಂಟು ಮೂಲೆಯ ಹಿಮ

ಬೆಳಿಗ್ಗೆ ಮೊಮ್ಮಗನ ಬ್ಯಾಗಿಗೆ ಊಟದ ಡಬ್ಬಿ ಇಡಲು ಹೋದಾಗ ಒಳಗಿನಿಂದ ಒಂದು ಸ್ನೋಫ್ಲೇಕ್ ಜಾರಿ ಅಡುಗೆಮನೆಯ ನೆಲಕ್ಕೆ ಬಿತ್ತು. ಕಾಫಿ ಸೋಸುವ ಬಿಳಿ ಕಾಗದವನ್ನು ಮಡಚಿ, ಅಂಚಿನಲ್ಲಿ ಕಚಕಚ ಕತ್ತರಿಸಿ, ಬಿಡಿಸಿ, ಮೇಲೆ ಮಿರಮಿರ ಮಿಂಚುವ ಪುಡಿ ಉದುರಿಸಿದ್ದು. ಎತ್ತಿಕೊಂಡು ಬೆಳಕಿಗೆ ಹಿಡಿದೆ. ಎಣಿಸಿದೆ. ಎಂಟು. ಇನ್ನೊಮ್ಮೆ ಎಣಿಸಿದರೂ ಎಂಟೇ.

“ಹಿಮಕ್ಕೆ ಎಂಟು ಮೂಲೆ ಎಲ್ಲಿಂದ ಬಂತೇ?” ಎಂದು ಮಗಳನ್ನು ಕೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಅಮ್ಮಾ, ಅವನಿಗೆ ಐದು ವರ್ಷ” ಅಂದಳು.

ಅದು ನನಗೂ ಗೊತ್ತು. ಐದು ವರ್ಷದ ಕೈ, ಮೊಂಡು ಕತ್ತರಿ, ಒಬ್ಬ ಮಿಸ್ಸಿಗೆ ಒಂದು ಕೋಣೆ ತುಂಬ ಮಕ್ಕಳು. ಬೆರಳು ಪಳಗಲಿ ಅಂತ ಕತ್ತರಿಸಲು ಕೊಡುವುದೇ ಹೊರತು ರೇಖಾಗಣಿತ ಬರಲಿ ಅಂತಲ್ಲ. ಕಾಗದವನ್ನು ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ ಎಂದು ಮಡಚುತ್ತ ಹೋದರೆ ಎಂಟು ತಾನಾಗಿ ಬರುತ್ತದೆ. ಆರು ಬೇಕಾದರೆ ಮಧ್ಯೆ ಒಮ್ಮೆ ಮೂರು ಪಾಲು ಮಾಡಬೇಕು, ಅದು ದೊಡ್ಡವರಿಗೂ ಸುಲಭವಲ್ಲ. ಎಲ್ಲ ಒಪ್ಪಿದೆ ಬಿಡಿ. ಆದರೂ ಹಾಸನದ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೆ ಗಣಿತ ಹೇಳಿಕೊಟ್ಟವಳಿಗೆ, ಆರು ಇರಬೇಕಾದ ಕಡೆ ಎಂಟು ಕೂತಿರುವುದನ್ನು ನೋಡಿ ಸುಮ್ಮನಿರಲು ಬರುವುದಿಲ್ಲ.

ನಾನೀಗ ಇರುವುದು ನ್ಯೂಜೆರ್ಸಿಯಲ್ಲಿ, ಮಗಳ ಮನೆಯಲ್ಲಿ. ಡಿಸೆಂಬರ್ ನಡುವಿಗೆ ಬಂತೆಂದರೆ ಇಲ್ಲಿನ ಕಿಂಡರ್‌ಗಾರ್ಟನ್ನಿಗೆ ಮದುವೆಮನೆಯ ಗಡಿಬಿಡಿ. ವಿಂಟರ್ ಬ್ರೇಕಿಗೆ ದಿನ ಎಣಿಸಲು ಕಾಗದದ ಸರಪಳಿ, ದಿನಕ್ಕೊಂದು ಕೊಂಡಿ ಹರಿಯುವುದು. ಪೈಜಾಮದಲ್ಲೇ ಶಾಲೆಗೆ ಹೋಗಲು ಅಂತ ಒಂದು ದಿನ. ಕ್ರಿಸ್‌ಮಸ್, ಹನುಕ್ಕಾ, ಕ್ವಾಂಜಾ ಎಂದು ಎಲ್ಲರ ಹಬ್ಬಕ್ಕೂ ಒಂದೊಂದು ಬಣ್ಣ ತುಂಬುವ ಹಾಳೆ. ಕಿಟಕಿ, ಬಾಗಿಲು, ಸೂರು, ಎಲ್ಲೆಲ್ಲೂ ಕಾಗದದ ಹಿಮ. ಹೊರಗೆ ನೋಡಿದರೆ ಇನ್ನೂ ಜಿಟಿಜಿಟಿ ಮಳೆ. ನಿಜವಾದ ಹಿಮ ಬಿದ್ದಿದ್ದರೆ ಮಕ್ಕಳ ಕೋಟಿನ ತೋಳಿನ ಮೇಲೆ ತೋರಿಸಿ, ನೋಡಿ ಮಕ್ಕಳೇ, ಎಣಿಸಿ ಅನ್ನಬಹುದಿತ್ತು.

ಈ ಆರರ ಗುಂಗು ನನ್ನೊಬ್ಬಳದೇ ಅಂತ ಮಗಳು ತಿಳಿದಿದ್ದಾಳೆ. ಯೋಹಾನೆಸ್ ಕೆಪ್ಲರನಿಗೂ ಹತ್ತಿತ್ತು. ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದ ಅದೇ ಕೆಪ್ಲರ್, ಪ್ರಾಗ್ ನಗರದಲ್ಲಿದ್ದಾಗ ಕೋಟಿನ ಮೇಲೆ ಬಿದ್ದ ಹಿಮ ನೋಡಿ, ಯಾವಾಗಲೂ ಆರೇ ಯಾಕೆ, ಐದೋ ಏಳೋ ಯಾಕಿಲ್ಲ ಎಂದು ತಲೆ ಕೆಡಿಸಿಕೊಂಡ. 1611ರಲ್ಲಿ ಅದರ ಮೇಲೊಂದು ಪುಟ್ಟ ಪುಸ್ತಕವನ್ನೇ ಬರೆದು ಸ್ನೇಹಿತನಿಗೆ ಹೊಸವರ್ಷದ ಉಡುಗೊರೆ ಕೊಟ್ಟ. ಜೇನುಹುಟ್ಟು, ದಾಳಿಂಬೆ ಬೀಜ, ಗುಂಡುಗಳನ್ನು ಒತ್ತಾಗಿ ಪೇರಿಸುವ ಬಗೆ, ಎಲ್ಲ ಜಾಲಾಡಿದ. ಉತ್ತರ ಸಿಗಲಿಲ್ಲ, ರಸಾಯನಶಾಸ್ತ್ರದವರು ನೋಡಿಕೊಳ್ಳಲಿ ಎಂದು ಬಿಟ್ಟ. ನೋಡಿಕೊಂಡರು, ಮುನ್ನೂರು ವರ್ಷ ಹಿಡಿಯಿತು ಅಷ್ಟೆ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರಾರು ಸೇರಿ ಉಂಗುರ ಕಟ್ಟುತ್ತವೆ, ಆ ಉಂಗುರದ ಮೇಲೇ ಹರಳು ಬೆಳೆಯುತ್ತದೆ. ಅಪರೂಪಕ್ಕೆ ಎರಡು ಹರಳು ಅಂಟಿಕೊಂಡು ಹನ್ನೆರಡು ತೋಳು ಬರುವುದುಂಟು, ಮೂರು ಮೂಲೆಯವೂ ಉಂಟು. ಎಂಟು? ಉಹೂಂ.

ಕೆಪ್ಲರ್ ಹಳಬ, ದೂರದವ. ಈ ಮಿಸ್ಸಿನದೇ ದೇಶದ ವಿಲ್ಸನ್ ಬೆಂಟ್ಲಿಯಾದರೂ ಇದ್ದನಲ್ಲ. ವರ್ಮಾಂಟಿನ ಜೆರಿಕೋ ಎಂಬ ಹಳ್ಳಿಯ ರೈತನ ಮಗ. 1885ರ ಜನವರಿಯಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಒಂದೇ ಹರಳಿನ ಚಿತ್ರ ತೆಗೆದ. ಆಮೇಲೆ ಬದುಕಿರುವತನಕ ಅದೇ ಕೆಲಸ. ಬೆಂಕಿಯಿಲ್ಲದ ಕೊರೆಯುವ ಕೊಟ್ಟಿಗೆಯಲ್ಲಿ ಉಸಿರು ಬಿಗಿಹಿಡಿದು (ಉಸಿರು ತಾಗಿದರೆ ಹರಳು ಕರಗೀತು) ಐದು ಸಾವಿರಕ್ಕೂ ಹೆಚ್ಚು ಚಿತ್ರ. ಊರಿನವರು ನಕ್ಕರಂತೆ; ಹಿಮವೇನು ಕೊರತೆಯೇ, ಚಿತ್ರ ಬೇರೆ ತೆಗೆಯಬೇಕೆ ಅಂತ. 1931ರಲ್ಲಿ ಆ ಚಿತ್ರಗಳ ಪುಸ್ತಕ ಬಂತು, ಅದೇ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ನ್ಯುಮೋನಿಯಾದಿಂದ ತೀರಿಕೊಂಡ.

ಹೊಟ್ಟೆ ಉರಿಯುವುದು ಇಲ್ಲಿ. ಈ ಬೆಂಟ್ಲಿಯ ಕಥೆ ‘ಸ್ನೋಫ್ಲೇಕ್ ಬೆಂಟ್ಲಿ’ ಎಂಬ ಮಕ್ಕಳ ಪುಸ್ತಕವಾಗಿದೆ, 1999ರಲ್ಲಿ ಅದರ ಚಿತ್ರಗಳಿಗೆ ಕಾಲ್ಡೆಕಾಟ್ ಪದಕವೂ ಬಂದಿದೆ. ಮಿಸ್ ಅದನ್ನು ಮಕ್ಕಳನ್ನು ಕಾರ್ಪೆಟ್ಟಿನ ಮೇಲೆ ಕೂರಿಸಿ ಓದಿ ಹೇಳಿದ್ದಾರೆ. ನಮ್ಮವನು ಬಂದು ಕೊಟ್ಟಿಗೆ, ಉಸಿರು, ಹರಳು ಎಲ್ಲ ನನಗೆ ಅಭಿನಯಿಸಿ ತೋರಿಸಿದ. ಓದಿ ಮುಗಿಸಿ, ಪುಸ್ತಕ ಮುಚ್ಚಿಟ್ಟು, ಕತ್ತರಿ ಹಂಚಿ, ಎಂಟು ಮೂಲೆ ಕತ್ತರಿಸಿದ್ದಾರೆ!

ಇನ್ನೂ ಒಂದಿದೆ. ಕಿಂಡರ್‌ಗಾರ್ಟನ್ ಎಂಬುದನ್ನು ಕಟ್ಟಿದವನು ಯಾರು? ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. 1837ರಲ್ಲಿ ಬಾಟ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಶುರುಮಾಡಿದ, ಮೂರು ವರ್ಷ ಕಳೆದು ಹೆಸರಿಟ್ಟ. ಮಕ್ಕಳ ಕೈಗೆ ಮರದ ಗೋಲ, ಘನ, ಉರುಳೆ ಕೊಟ್ಟವನು ಅವನು. ಕಾಗದ ಮಡಚುವುದು, ಕತ್ತರಿಸುವುದು, ಹೆಣೆಯುವುದು ಮಕ್ಕಳ ಪಾಠವೇ ಹೌದು ಎಂದವನೂ ಅವನೇ. ಅದಕ್ಕೆ ಮೊದಲು ಅವನೇನು ಮಾಡುತ್ತಿದ್ದ ಗೊತ್ತೆ? ಬರ್ಲಿನ್ನಿನಲ್ಲಿ ವೈಸ್ ಎಂಬ ಖನಿಜಶಾಸ್ತ್ರದ ಪ್ರೊಫೆಸರ್ ಕೈಕೆಳಗೆ ಹರಳುಗಳನ್ನು ವಿಂಗಡಿಸುತ್ತಿದ್ದ. ಹರಳುಗಳನ್ನು ಅವುಗಳ ಅಕ್ಷ ನೋಡಿ ಗುಂಪು ಮಾಡಿದ ಮಹಾನುಭಾವ ಆ ವೈಸ್. ದಿನವಿಡೀ ಮೂಲೆ, ಮುಖ, ಕೋನ ನೋಡಿದ ಕಣ್ಣು ಫ್ರೋಬೆಲನದು. ಅಂಥವನ ಕಿಂಡರ್‌ಗಾರ್ಟನ್ನಿನಲ್ಲಿ ಹಿಮದ ಹರಳಿಗೆ ಎರಡು ಮೂಲೆ ಹೆಚ್ಚು! 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್ನುಗಳನ್ನೇ ನಿಷೇಧಿಸಿತು, ಮಕ್ಕಳಿಗೆ ನಾಸ್ತಿಕತೆ, ಸಮಾಜವಾದ ಕಲಿಸುತ್ತಾರೆ ಅಂತ. ಮರುವರ್ಷ ಮುದುಕ ತೀರಿಕೊಂಡ, ನಿಷೇಧ ಎದ್ದದ್ದು 1860ರಲ್ಲಿ. ಅಷ್ಟರಲ್ಲಿ ಮಾರ್ಗರೆಟ ಶುರ್ತ್ಸ್ ಎಂಬ ಜರ್ಮನ್ ಹೆಣ್ಣುಮಗಳು 1856ರಲ್ಲೇ ವಿಸ್ಕಾನ್ಸಿನ್ನಿನ ವಾಟರ್‌ಟೌನಿನಲ್ಲಿ ತನ್ನ ಮನೆಯಲ್ಲಿ ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಶುರುಮಾಡಿಯಾಗಿತ್ತು. ಸರ್ಕಾರಗಳು ಬೇಡದ್ದನ್ನು ನಿಷೇಧಿಸುತ್ತವೆ; ಎಂಟು ಮೂಲೆಯದನ್ನು ಕೇಳುವವರಿಲ್ಲ.

“ಮಿಸ್ಸಿಗೆ ಒಂದು ಚೀಟಿ ಬರೆದು ಬ್ಯಾಗಿನಲ್ಲಿ ಇಡಲೇನೆ? ಮರ್ಯಾದೆಯಾಗೇ ಬರೀತೀನಿ.”

“ದಮ್ಮಯ್ಯ ಬೇಡಮ್ಮಾ.”

ಬರೆಯಲಿಲ್ಲ. ಆದರೆ ಬಸ್ಸು ಬರಲು ಇನ್ನೂ ಹೊತ್ತಿತ್ತು, ಹುಡುಗ ಚೀರಿಯೋಸ್ ಎಂಬ ಪುಟ್ಟ ಬಳೆಯಂಥ ತಿಂಡಿ ತಿನ್ನುತ್ತ ಕೂತಿದ್ದ. ಆರು ಮೂಲೆ ಎಂದರೆ ನನಗೆ ರಂಗೋಲಿಯೇ ನೆನಪು. ಊರಿನಲ್ಲಿ ಧನುರ್ಮಾಸ ಹಿಡಿದಿದೆ. ಅಲ್ಲಿದ್ದಿದ್ದರೆ ಈ ಹೊತ್ತಿಗೆ ಬಾಗಿಲಿಗೆ ರಂಗೋಲಿ ಹಾಕಿ, ದೇವಸ್ಥಾನದ ಹುಗ್ಗಿ ತಿಂದು ಬಂದಿರುತ್ತಿದ್ದೆ. ಚುಕ್ಕಿ ಇಡುವುದರಲ್ಲಿ ಎರಡು ಬಗೆ. ನೇರಕ್ಕೆ ನೇರ ಇಟ್ಟರೆ ಚೌಕ. ನಾಲ್ಕು, ಎಂಟು ಎಂದು ಬೆಳೆಯುತ್ತದೆ. ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬೀಳುವ ಹಾಗೆ ಇಟ್ಟರೆ ಬೇರೆಯೇ ಲೋಕ. ನಡುವೆ ಏಳು, ಎರಡೂ ಕಡೆ ನಾಲ್ಕಕ್ಕೆ ಇಳಿಯುವವರೆಗೆ. ಅಂಚು ಕೂಡಿಸಿದರೆ ಷಟ್ಕೋನ, ಅಷ್ಟೇ. ಮಡಚುವ ಹಾಗಿಲ್ಲ, ಕತ್ತರಿಯ ಹಂಗಿಲ್ಲ. ನಮ್ಮಜ್ಜಿ ಇದನ್ನು ಕೆಪ್ಲರನ ಹೆಸರು ಕೇಳದೆ, ಕತ್ತಲಿರುವಾಗಲೇ, ಬಗ್ಗಿದ ಸೊಂಟ ಎತ್ತದೆ ಹಾಕುತ್ತಿದ್ದಳು.

ಅವನ ಬಟ್ಟಲಿಗೆ ಇನ್ನೂ ಹಾಲು ಹಾಕಿರಲಿಲ್ಲ. ಮೇಜಿನ ಮೇಲೆ ಚೀರಿಯೋಸ್ ಜೋಡಿಸಲು ಹೇಳಿದೆ. ನಾಲ್ಕು. ಒಂದು ಹೆಚ್ಚು, ಐದು. ಇನ್ನೊಂದು ಹೆಚ್ಚು, ಆರು. ಏಳು. ಈಗ ಒಂದೊಂದು ಕಡಿಮೆ. ಕಿಂಡರ್‌ಗಾರ್ಟನ್ ಮುಗಿಯುವಷ್ಟರಲ್ಲಿ ನೂರರವರೆಗೆ ಒಂದೊಂದಾಗಿ, ಹತ್ತತ್ತಾಗಿ ಎಣಿಸಬೇಕು ಎಂದು ಇಲ್ಲಿನ ಪಾಠದ ಪಟ್ಟಿ ಹೇಳುತ್ತದೆ. ಅವನು ಎಣಿಸಿದ, ಮೂವತ್ತೇಳು. ಮೂಲೆಗಳನ್ನು ಮುಟ್ಟಿಸಿದೆ: ಆರು. ಕಾಗದದ್ದನ್ನು ಪಕ್ಕದಲ್ಲಿಟ್ಟು, “ಇದು ಹಿಮ ಅಲ್ಲ ಕಣೋ, ಅಷ್ಟದಳ ಪದ್ಮ. ಶುಕ್ರವಾರ ದೇವರ ಮುಂದೆ ಹಾಕೋದು” ಅಂದೆ. ಅವನು ನಡುವಿನ ಚೀರಿಯೋ ತೆಗೆದು ಬಾಯಿಗೆ ಹಾಕಿಕೊಂಡು, “ಅಜ್ಜಿ, ಈಗ ಥರ್ಟಿ ಸಿಕ್ಸ್” ಅಂದ. ಇಂಥ ಶಿಷ್ಯನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ?

ಒಂದು ವಿಷಯದಲ್ಲಿ ಮಾತ್ರ ಆ ಮಿಸ್ಸಿಗೆ ನೂರಕ್ಕೆ ನೂರು ಕೊಡುತ್ತೇನೆ. ಜಿಂಜರ್‌ಬ್ರೆಡ್ ಮ್ಯಾನ್ ಕಥೆ, 1875ರಲ್ಲಿ ಒಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾದದ್ದು: ಒಲೆಯಿಂದ ಇಳಿದ ಬಿಸ್ಕತ್ತಿನ ಮನುಷ್ಯ ಯಾರ ಕೈಗೂ ಸಿಗದೆ ಓಡಿ, ಕೊನೆಗೆ ನರಿಯ ಬಾಯಿಗೆ ಬೀಳುತ್ತಾನೆ. ಕಥೆ ಹೇಳಿ, ಒಬ್ಬ ಬಿಸ್ಕತ್ತು ಮನುಷ್ಯನನ್ನು ತಟ್ಟೆಯಲ್ಲಿಟ್ಟು, ಮಕ್ಕಳು ಆಟಕ್ಕೆ ಹೋಗಿ ಬರುವಷ್ಟರಲ್ಲಿ ಮಾಯಮಾಡಿದ್ದಾರೆ. ಲೈಬ್ರರಿ, ನರ್ಸ್ ಕೋಣೆ, ಕೆಫೆಟೇರಿಯಾ, ಪ್ರಿನ್ಸಿಪಾಲರ ಆಫೀಸು, ಒಂದೊಂದು ಕಡೆ ಒಂದೊಂದು ಚೀಟಿ. ಓದಿಕೊಂಡು ಮುಂದಿನ ಕಡೆಗೆ ಓಡಬೇಕು. ಮಕ್ಕಳಿಗೆ ಶಾಲೆಯ ನಕ್ಷೆಯೂ ಬಂತು, ಓದೂ ಬಂತು. ಸಿಕ್ಕಮೇಲೆ ಎಲ್ಲರಿಗೂ ಒಂದೊಂದು. ಶುಂಠಿ, ಚಕ್ಕೆ, ಲವಂಗ, ಕಾಕಂಬಿ ಹಾಕಿ ಮಾಡಿದ್ದು. ಹಾಸನದ ಕಡೆ ಶುಂಠಿ ಬೆಳೆದು ದರ ಬೀಳುವುದನ್ನು ನೋಡಿದವಳು ನಾನು, ರುಚಿ ನೋಡಿ ಶುಂಠಿ ಇನ್ನೂ ಸ್ವಲ್ಪ ಇರಬಹುದಿತ್ತು ಅನ್ನಿಸಿತು.

ತಿನ್ನುವಾಗ ಮೊದಲು ಕಚ್ಚಿದ್ದು ಎಲ್ಲಿ ಎಂದು ಪ್ರತಿ ಮಗುವೂ ಒಂದು ಚೌಕ ಕಾಗದ ಅಂಟಿಸಬೇಕು: ತಲೆ, ಕೈ, ಕಾಲು. ಮೂರು ಕಂಬದ ಬಾರ್ ಗ್ರಾಫ್. ತಲೆಯ ಕಂಬವೇ ಎತ್ತರ ಎಂದು ನಮ್ಮವನ ವರದಿ. ಅವನು ಕಾಲಿನ ಪಕ್ಷ. “ಓಡಬಾರದಲ್ಲ ಅಜ್ಜಿ, ಅದಕ್ಕೇ” ಅಂತ ಕಾರಣ ಬೇರೆ.

ಮೊದಲು ಕಚ್ಚುವುದು ಎಲ್ಲಿ ಎಂಬ ಪ್ರಶ್ನೆಯನ್ನು ಚಿಕ್ಕವರಿದ್ದಾಗ ನಾವು ಯಾಕೆ ಕೇಳಿಕೊಳ್ಳಲಿಲ್ಲ? ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಮನೆಮನೆಯಿಂದ ಸಕ್ಕರೆ ಅಚ್ಚು ಬರುತ್ತಿತ್ತು. ಆನೆ, ಕುದುರೆ, ಗಿಳಿ, ನವಿಲು, ತುಳಸಿಕಟ್ಟೆ. ನನ್ನ ತಂಗಿ ಗಿಳಿಯ ಕೊಕ್ಕಿನಿಂದ ಶುರು. ಅಣ್ಣ ಆನೆಯನ್ನು ಸೊಂಡಿಲು ಮುರಿಯದೆ ನಾಲಿಗೆಯಲ್ಲೇ ಸವೆಸಿ ಮೂರು ದಿನ ಓಡಿಸುತ್ತಿದ್ದ. ತುಳಸಿಕಟ್ಟೆಗೆ ಮಾತ್ರ ಹಲ್ಲು ತಾಗಿಸಕೂಡದು, ಕೈಯಲ್ಲೇ ಮುರಿಯಬೇಕು ಎಂದು ಅಮ್ಮನ ಕಟ್ಟಪ್ಪಣೆ. ಹಾಗಾಗಿ ಅದು ಡಬ್ಬಿಯ ತಳದಲ್ಲಿ ಶಿವರಾತ್ರಿವರೆಗೂ ಉಳಿಯುತ್ತಿತ್ತು. ತಂಗಿಗೆ ಫೋನು ಮಾಡಿ ಈ ಸಲ ಮರದ ಅಚ್ಚುಗಳನ್ನು ತೊಳೆದಿಡು ಎಂದಿದ್ದೇನೆ, ಬರುವವರ ಕೈಲಿ ಕಳಿಸುತ್ತಾಳೆ. ಬ್ರೇಕ್ ಮುಗಿದು ಶಾಲೆ ಬಾಗಿಲು ತೆರೆದು ಎರಡು ವಾರಕ್ಕೆಲ್ಲ ಸಂಕ್ರಾಂತಿ. ಮಿಸ್ ಒಪ್ಪಿದರೆ ತರಗತಿಗೆಲ್ಲ ಒಂದೊಂದು ಕುದುರೆ ಕೊಡಬಹುದು. ಗ್ರಾಫಿಗೆ ಮಾತ್ರ ಇನ್ನೊಂದು ಕಂಬ ಬೇಕಾಗುತ್ತದೆ. ಬಿಸ್ಕತ್ತಿನ ಮನುಷ್ಯನಿಗೆ ಬಾಲವಿರಲಿಲ್ಲ.